ಒಂದು ಉಗುರಿನ ಕೆಲಸ

ಲೋಕದಲ್ಲಿ ಸೋರುವ ವಸ್ತುಗಳಿಗೆ ಬರವಿಲ್ಲ. ಕೊಡೆ ಸೋರುತ್ತದೆ, ನಲ್ಲಿ ಸೋರುತ್ತದೆ, ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟವರ ಬಾಯಿಂದ ಗುಟ್ಟು ಸೋರುತ್ತದೆ. ಆದರೆ ಸ್ವಂತಯ್ಯನ ಕಾರು ಸೋರುತ್ತಿದ್ದ ಪರಿಯೇ ಬೇರೆ. ಅದು ನಿಂತಲ್ಲೆಲ್ಲ ನೆಲಕ್ಕೊಂದು ಕರಿಯ ಬೊಟ್ಟಿಟ್ಟು ಬರುತ್ತಿತ್ತು. ಸ್ವಂತಯ್ಯ ಎಲ್ಲೆಲ್ಲಿಗೆ ಹೋಗಿದ್ದ, ಎಲ್ಲಿ ಎಷ್ಟು ಹೊತ್ತು ಹರಟೆ ಹೊಡೆದ ಎಂಬುದನ್ನು ಅವನ ಹೆಂಡತಿ ಆ ಬೊಟ್ಟುಗಳ ಅಗಲ ನೋಡಿಯೇ ಹೇಳಿಬಿಡುತ್ತಿದ್ದಳು.

ಸ್ವಂತಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟದ್ದು. ಪಾರ್ಸಲ್ ಆಫೀಸಿನ ಈ ಗುಮಾಸ್ತನಿಗೆ ಒಂದು ವ್ರತವಿತ್ತು. ಬಲ್ಬು ಹಾಕುವುದಿರಲಿ, ಮೊಳೆ ಹೊಡೆಯುವುದಿರಲಿ, "ಅಷ್ಟಕ್ಕೆಲ್ಲ ಇನ್ನೊಬ್ರು ಯಾಕೆ, ಸ್ವಂತ ನಾನೇ ಮಾಡ್ತೀನಿ" ಅನ್ನುವುದು. ಹಾಗೆ ಸ್ವಂತ ಹಾಕಿದ ಬಲ್ಬು ಬಾಗಿಲು ತೆರೆದಿದ್ದಾಗ ಮಾತ್ರ ಉರಿಯುತ್ತಿತ್ತು. ಸ್ವಂತ ಹೊಡೆದ ಮೊಳೆ ಪಕ್ಕದ ಮನೆಯ ಟೈಲರಿನ ಗೋಡೆಯಲ್ಲಿ, ಕ್ಯಾಲೆಂಡರಿನ ನಟ್ಟನಡುವೆ ಹೊರಬಂದಿತ್ತು.

ಕಾರು ಮಾತ್ರ ಅವನ ಸ್ವಂತದ್ದಲ್ಲ, ಮಾವನವರದು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಅವರು ಬಿಳಿಯ ಕೈಗವಸು ತೊಟ್ಟು, ಬೆನ್ನು ನೆಟ್ಟಗೆ ಮಾಡಿ, ಮೆರವಣಿಗೆಯಲ್ಲಿ ಹೋಗುವವರಂತೆ ಅದನ್ನು ಓಡಿಸುತ್ತಿದ್ದರು. ಕಣ್ಣು ಮಂಜಾದ ಮೇಲೆ ಕಿರಿಯ ಮಗಳ ಮನೆಗೆ ಕಳಿಸಿಕೊಟ್ಟರು. ಆ ಮಗಳು ಸ್ಟಿಯರಿಂಗ್ ಹಿಡಿಯಲು ಕಲಿತದ್ದೇ ಆ ಕಾರಿನಲ್ಲಿ. ಆದರೆ "ಸ್ವಂತ ನಾನೇ ಓಡಿಸ್ತೀನಿ" ಎಂಬ ವ್ರತ ಅಲ್ಲಿಗೂ ಬಂದು ಕೂತದ್ದರಿಂದ ಅವಳಿಗೆ ಸಿಕ್ಕಿದ್ದು ಪಕ್ಕದ ಸೀಟು. ಆದರೂ ಅಪ್ಪನ ಗಾಡಿ ಕಣ್ಮುಂದೆ ಇದೆಯಲ್ಲ ಎಂದು ಅವಳಿಗೆ ಸಮಾಧಾನವಿತ್ತು.

ಆ ಸಮಾಧಾನಕ್ಕೆ ಕಲ್ಲು ಬಿದ್ದದ್ದು ಒಂದು ಫೋನಿನಿಂದ.

"ಅಳಿಯಂದ್ರೇ, ಗಾಡಿ ಇನ್ನೂ ಸೋರ್ತಿದೆಯಂತೆ?" ಎಂದರು ಮಾವ.

"ಸ್ವಲ್ಪ, ಮಾವ. ಬೆವರಿದ ಹಾಗೆ."

"ನನ್ನ ಕಾಲದಲ್ಲೂ ಬೆವರ್ತಿತ್ತು. ಎರಡು ಸಲ ಸೀಲು ಬದಲಾಯಿಸಿದೆ, ನಾನೇ ನಿಂತು. ಈಗ ಬರೋ ಸೀಲುಗಳೇ ಸರಿಯಿಲ್ಲ. ನೋಡಿ, ನಿಮಗೆ ತೊಂದ್ರೆ ಆಗೋದಾದ್ರೆ ದೊಡ್ಡಳಿಯಂದ್ರು ತಗೊಂಡು ಹೋಗ್ತಾರೆ. ಅವ್ರ ಮನೇಲಿ ಶೆಡ್ಡಿದೆ. ಈ ಭಾನುವಾರ ನಾವಿಬ್ರೂ ಬರ್ತೀವಿ. ಸೇತುವೆ ತನಕ ಒಂದು ಸುತ್ತು ಹೋಗೋಣ. ಸೋರದಿದ್ರೆ ಗಾಡಿ ನಿಮ್ಮಲ್ಲೇ ಇರ್ಲಿ. ಸೋರಿದ್ರೆ ಅವ್ರ ಹಿಂದೆ ಹೋಗ್ಲಿ."

ದೊಡ್ಡಳಿಯ ಎಂದರೆ ಸ್ವಂತಯ್ಯನ ಷಡ್ಡಕ. ಆ ಹೆಸರು ಕೇಳಿದರೆ ಸಾಕು, ಸ್ವಂತಯ್ಯನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. "ಅವ್ರಿಗ್ಯಾಕೆ ತೊಂದ್ರೆ, ಮಾವ. ಸೀಲು ತಾನೇ? ಸ್ವಂತ ನಾನೇ ಮಾಡ್ತೀನಿ" ಎಂದುಬಿಟ್ಟ.

ಫೋನಿಟ್ಟ ಮೇಲೆ ಹೆಂಡತಿ ಅವನನ್ನೇ ನೋಡಿದಳು. "ರೀ, ಎಲ್ಲಿದೆ ಅಂತ ಗೊತ್ತಾ ಆ ಸೀಲು?"

"ಸೋರೋ ಜಾಗದಲ್ಲಿ" ಎಂದ ಸ್ವಂತಯ್ಯ. ಅಷ್ಟರ ಮಟ್ಟಿಗೆ ಅವನ ಜ್ಞಾನ ನಿರ್ದುಷ್ಟವಾಗಿತ್ತು.

ಗ್ಯಾರೇಜಿನ ಮೇಸ್ತ್ರಿ ಬಂದು ಉಳಿದ ಜ್ಞಾನವನ್ನು ತುಂಬಿದ. ಸೋರುವ ಸೀಲು, ಅಂದರೆ ಆಯಿಲು ಹೊರಬರದಂತೆ ತಡೆಯುವ ರಬ್ಬರ್ ಉಂಗುರ, ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಒಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಕೊನೆಯಲ್ಲಿ. ಅದನ್ನು ಮುಟ್ಟಬೇಕಾದರೆ ಮುಂದಿರುವುದನ್ನೆಲ್ಲ ಬಿಚ್ಚಬೇಕು. ಬಿಚ್ಚಿದರು. ಮೋಡ ಕವಿದಿತ್ತು, ಮನೆಗೆ ಶೆಡ್ಡಿರಲಿಲ್ಲ. ಆದ್ದರಿಂದ ಮೇಸ್ತ್ರಿಯೂ ಅವನ ಮೂವರು ಭೀಮಸೇನರೂ ಎಂಜಿನ್ನನ್ನು ಬೊಂಬಿಗೆ ಕಟ್ಟಿ ಹೊತ್ತು ತಂದು, ಸೋಫಾ ಸರಿಸಿ, ಮುಂದಿನ ಕೋಣೆಯಲ್ಲಿ ಎರಡು ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಅದು ದೂರದಿಂದ ಬಂದ ದಪ್ಪನೆಯ ನೆಂಟನಂತೆ ಕೋಣೆಯ ನಡುವೆ ಕೂತು, ಬಾಗಿಲಿಗೆ ಬೆನ್ನು ಮಾಡಿತು.

ಹಳೆಯ ಸೀಲನ್ನು ಕಿತ್ತು ಮೇಸ್ತ್ರಿ ಒಳಗೆ ಬೆರಳು ತೋರಿಸಿದ. ಸುತ್ತ ತಟ್ಟೆಯಂಥ ಕುಳಿ. ಅದರ ನಡುವೆ ದುಂಡನೆಯ ಶಾಫ್ಟಿನ ತುದಿ. ಸುಟ್ಟ ಆಯಿಲು ಮೆತ್ತಿ ಅದು ತಳ ಹಿಡಿದ ಪಾತ್ರೆಯಂತಾಗಿತ್ತು.

"ನೋಡಿ ಸಾರ್, ಸೀಲಿನ ತುಟಿ ಈ ದುಂಡಿನ ಮೇಲೆ ಕೂತಿರುತ್ತೆ, ಶಾಫ್ಟು ತಿರುಗ್ತಾ ಇರುತ್ತೆ. ವರ್ಷಗಟ್ಲೆ ಉಜ್ಜಿ ಉಜ್ಜಿ ಒಂದು ಜಾಡು ಬಿದ್ದಿರುತ್ತೆ. ಜಾಡಿದ್ರೆ ಎಂಥಾ ಹೊಸ ಸೀಲು ಹಾಕಿದ್ರೂ ಸೋರೋದೇ. ಮೊದ್ಲು ಥಿನ್ನರ್ ಬಟ್ಟೇಲಿ ಕೊಳೆ ತೆಗೀಬೇಕು. ಆಮೇಲೆ ನಯವಾದ ಎಮರಿ ಪೇಪರ್ರು, ಸುತ್ತಲೂ ಹೋಗ್ಬೇಕು, ಉದ್ದಕ್ಕೆ ಎಳೀಬಾರ್ದು. ಕಬ್ಬಿಣದ ಸಾಮಾನು ತಾಗಿಸಲೇಬಾರ್ದು. ಕೊನೇಲಿ ಉಗುರಲ್ಲಿ ಅಡ್ಡ ಗೀರಿ ನೋಡ್ಬೇಕು. ಉಗುರು ಜಾರಿಕೊಂಡು ಹೋದ್ರೆ ಸರಿ. ಎಲ್ಲಾದ್ರೂ ತಡೀತೋ, ಜಾಡಿದೆ ಅಂತ ಅರ್ಥ. ಆಗ ಮೇಲೊಂದು ತೆಳ್ಳನೆ ಉಕ್ಕಿನ ಬಳೆ ತೊಡಿಸ್ತೀನಿ. ಬಿಡಿ, ನಾಳೆ ಬಂದು ನಾನೇ ಮಾಡ್ತೀನಿ."

"ಛೆ ಛೆ, ಒರೆಸೋದು, ಗೀರೋದು ತಾನೇ? ಸ್ವಂತ ನಾನೇ ಮಾಡ್ತೀನಿ. ನೀನು ಶನಿವಾರ ಬೆಳಿಗ್ಗೆ ಸೀಲು ತಗೊಂಡು ಬಾ."

ಮೇಸ್ತ್ರಿಗೂ ಹೈವೇಯಲ್ಲಿ ಒಂದು ಲಾರಿ ಕೆಟ್ಟು ಕಾಯುತ್ತಿತ್ತು. ಸರಿ ಎಂದು ಹೊರಟುಹೋದ.

ಒರೆಸುವ ಕಾಂಡವನ್ನು ಸ್ವಂತಯ್ಯ ಯಾವ ಲೋಪವೂ ಇಲ್ಲದೆ ಮುಗಿಸಿದ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಕಾರಿನ ಡ್ರಾಯರಿನಲ್ಲಿ ಸಿಕ್ಕ ಮಾವನ ಬಿಳಿಯ ಕೈಗವಸು ತೊಟ್ಟು, ಮೇಲಿಂದ ಒಂದು ಬಲ್ಬು ಇಳಿಬಿಟ್ಟು, ಸುತ್ತ ಸುತ್ತ ಸುತ್ತ ಉಜ್ಜಿದ. ಶಾಫ್ಟು ಬೆಳ್ಳಗಾಯಿತು, ಹೊಳೆಯಿತು, ಅವನ ಮೂಗನ್ನೇ ಅವನಿಗೆ ತೋರಿಸಿತು. ಆಗ ಅವನು ಬಲಗೈಯ ಕೈಗವಸನ್ನು ಕಳಚಿ, ಉಗುರಿನಿಂದ ಗೀರಲು ಹೋದ.

ಉಗುರಿರಲಿಲ್ಲ.

ಇದೇನು ಆ ದಿನದ ಸುದ್ದಿಯಲ್ಲ. ಹಲ್ಲು ಮೂಡಿದಂದಿನಿಂದ ಸ್ವಂತಯ್ಯ ಉಗುರು ಕಡಿಯುವವನು. ಹತ್ತು ಬೆರಳ ತುದಿಯಲ್ಲೂ ಉಗುರಿನ ನೆನಪು ಮಾತ್ರ ಉಳಿದಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಬೆರಳಿಗೆ ಹಚ್ಚುವ ಕಹಿ ಔಷಧಿ ತಂದಳು. ಅವನು ಹಚ್ಚಿಕೊಂಡ, ನಾಲ್ಕು ವಾರದಲ್ಲಿ ನಾಲಿಗೆಗೆ ಆ ಕಹಿಯೇ ಹಿಡಿಸಿಹೋಯಿತು. ಕೊನೆಗೆ "ಬಿಟ್ಟುಬಿಟ್ಟೆ ಕಣೇ, ಮನಸ್ಸು ಮಾಡಿದ್ರೆ ಎಷ್ಟು ಹೊತ್ತು" ಎಂದು ಒಂದು ದಿನ ಘೋಷಿಸಿದ. ಅವಳು ಆ ಸಾಧನೆಯನ್ನು ಅಪ್ಪ, ಅಕ್ಕ, ಭಾವ ಎಲ್ಲರಿಗೂ ಹೇಳಿಕೊಂಡು ಹೆಮ್ಮೆಪಟ್ಟಳು. ಅಂದಿನಿಂದ ಸ್ವಂತಯ್ಯ ಮನೆಯೊಳಗೆ ಬೆರಳ ತುದಿಗಳನ್ನು ಮುಷ್ಟಿಯಲ್ಲಿ ಮಡಚಿ, ಜೇಬಿಗಿಳಿಸಿ, ಪೇಪರಿನ ಹಿಂದೆ ಬಚ್ಚಿಟ್ಟು ಬಾಳುತ್ತಿದ್ದ. ಈಗ ಹೋಗಿ "ನಿನ್ನ ಉಗುರು ಸ್ವಲ್ಪ ಕೊಡೇ" ಅಂದರೆ, "ನಿಮ್ದೇನಾಯ್ತು" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಅವನ ಬಳಿ ಹತ್ತು ಉತ್ತರಗಳಿದ್ದವು, ಹತ್ತೂ ಬೋಳಾಗಿದ್ದವು.

ಅವನು ಕೈಗವಸನ್ನು ಮತ್ತೆ ತೊಟ್ಟು ಯೋಚಿಸಿದ. ಪಿನ್ನು, ಚಾಕು ತಾಗಿಸುವಂತಿಲ್ಲ. ಕೈಯಲ್ಲಿಲ್ಲದ್ದು ಕಾಲಲ್ಲಿದೆಯಲ್ಲ ಎಂದು ಥಟ್ಟನೆ ಹೊಳೆಯಿತು. ಕಾಲುಗುರಿಗೆ ಅವನ ಬಾಯಿ ಎಂದೂ ತಲುಪಿರಲಿಲ್ಲ. ನೆಲದ ಮೇಲೆ ಅಂಗಾತ ಮಲಗಿ, ಸೊಂಟಕ್ಕೆ ಕೈಕೊಟ್ಟು, ಬಲಗಾಲ ಹೆಬ್ಬೆರಳನ್ನು ಎಂಜಿನ್ನಿನ ಕುಳಿಯೊಳಗೆ ತೂರಿಸಲು ನೋಡಿದ. ಪಾದ ಅಡ್ಡ ಬಂತು. ಮಗ್ಗುಲಾಗಿ ನೋಡಿದ, ಮಂಡಿ ಒಪ್ಪಲಿಲ್ಲ. ಅದೇ ಹೊತ್ತಿಗೆ ಹೆಂಡತಿ ಚಹಾ ತಂದಳು.

"ಏನ್ರೀ ಇದು?"

"ಸೊಂಟ ಹಿಡ್ಕೊಂಡಿತ್ತು. ವ್ಯಾಯಾಮ."

"ಎಂಜಿನ್ನಿಗೆ ಒದ್ದಾ?"

"ಆಸರೆಗೆ ಏನಾದ್ರೂ ಬೇಕಲ್ಲ."

ಅವಳು ಚಹಾ ಇಟ್ಟು, ಒಂದು ಗಳಿಗೆ ಆ ಬಿಳಿಯ ಕೈಗವಸುಗಳನ್ನೇ ನೋಡಿದಳು. "ಅದನ್ನ ಹಾಕ್ಕೊಂಡ್ರೆ ನೀವು ಥೇಟ್ ಅಪ್ಪನ ಥರಾನೇ ಕಾಣ್ತೀರಿ" ಎಂದು ಒಳಗೆ ಹೋದಳು.

ಮಾರನೆಯ ದಿನ ಆಫೀಸಿನಲ್ಲಿ ಸ್ವಂತಯ್ಯನಿಗೆ ಮನುಷ್ಯರ ಮುಖ ಕಾಣಿಸುವುದು ನಿಂತು, ಬರೀ ಕೈಗಳು ಕಾಣಿಸತೊಡಗಿದವು. ಪಾರ್ಸಲ್ ಕೊಡಲು ಬಂದವರ ಬೆರಳುಗಳನ್ನೇ ಅವನು ದಿಟ್ಟಿಸಿದ. ಕೊನೆಗೆ ರುಜು ಹಾಕಲು ಸೂಪರಿಂಟೆಂಡೆಂಟರು ಮೇಜಿನ ಬಳಿ ಬಂದಾಗ ಅವನಿಗೆ ಕಂಡದ್ದು, ಅಯ್ಯೋ ನನ್ನಪ್ಪನೇ, ಎಂಥ ಕಿರುಬೆರಳು. ಅದರ ತುದಿಯಲ್ಲಿ ಉಗುರೊಂದು ಚಮಚದಂತೆ ಬೆಳೆದಿತ್ತು.

"ಸಾರ್, ಕೈ ಸ್ವಲ್ಪ ಕೊಡ್ತೀರಾ" ಎಂದು, ಅವರು ಕೊಡುವ ಮೊದಲೇ ಹಿಡಿದುಕೊಂಡ. ಹೆಬ್ಬೆರಳನ್ನು ತಿರುಗಿಸಿ ನೋಡಿ ತಲೆಯಾಡಿಸಿದ. "ಇದು ಪ್ರಯೋಜನವಿಲ್ಲ ಸಾರ್. ಸೀಳಿದೆ."

ಸೂಪರಿಂಟೆಂಡೆಂಟರ ಮುಖ ಬಿಳಿಚಿತು. ಅವರ ವರ್ಗಾವಣೆಯ ಆದೇಶ ಇಂದೋ ನಾಳೆಯೋ ಎಂದು ನೇತಾಡುತ್ತಿತ್ತು. "ಏನ್ರೀ, ಪೂರ್ತಿ ಪ್ರಯೋಜನವಿಲ್ವಾ?"

"ಮಧ್ಯದ್ದು ಮೊಂಡು. ಆದ್ರೆ ಕಿರುಬೆರಳು, ಸಾರ್, ಬಹಳ ಗಟ್ಟಿ. ಕೆಲಸ ಆದ್ರೆ ಇದ್ರಿಂದಲೇ ಆಗ್ಬೇಕು."

"ಯಾವಾಗ ಆಗುತ್ತೆ?"

"ಶನಿವಾರ ಬೆಳಿಗ್ಗೆ ಮನೆಗೆ ಬನ್ನಿ ಸಾರ್. ಬೇಗ ಬನ್ನಿ. ಬರೋ ತನಕ ಈ ಉಗುರು ಮಾತ್ರ ಕತ್ತರಿಸ್ಬೇಡಿ."

ಸೂಪರಿಂಟೆಂಡೆಂಟರು ಕಿರುಬೆರಳನ್ನು ಗಾಜಿನ ಸಾಮಾನಿನಂತೆ ಎತ್ತಿ ಹಿಡಿದುಕೊಂಡು ಕೋಣೆಗೆ ಹಿಂದಿರುಗಿದರು. ಮಧ್ಯಾಹ್ನದ ಚಹಾದ ಹೊತ್ತಿಗೆ, ಪಾರ್ಸಲ್ ಗುಮಾಸ್ತ ಕೈ ನೋಡಿ ಭವಿಷ್ಯ ಹೇಳುತ್ತಾನೆ, ಅದೂ ಉಗುರಿನಿಂದ ಎಂಬ ಸುದ್ದಿ ಆಫೀಸಿನ ತುಂಬ ಹರಡಿತ್ತು. ಸಂಜೆ ಅದು ಸ್ವಂತಯ್ಯನಿಗಿಂತ ಮೊದಲೇ ಬೀದಿ ತಲುಪಿತು. ಕಾರಿಗೂ ಆ ವೇಗವಿರಲಿಲ್ಲ.

ಶನಿವಾರ ಬೆಳಿಗ್ಗೆ ಹೆಂಡತಿ ಬಾಗಿಲು ತೆಗೆದರೆ ಜಗಲಿಯ ಮೇಲೆ ಚಪ್ಪಲಿಗಳ ಸಾಲು. ಸೂಪರಿಂಟೆಂಡೆಂಟರು, ಪಕ್ಕದ ಮನೆಯ ಟೈಲರ್, ಎದುರುಮನೆಯ ಅಜ್ಜಿ, ಅವರ ಹಿಂದೆ ಹೆಸರೂ ಗೊತ್ತಿಲ್ಲದ ಇನ್ನಷ್ಟು ಮಂದಿ. ಒಳಗೆ ಬಂದವರು ಕೋಣೆಯ ನಡುವೆ ಬಲ್ಬಿನ ಕೆಳಗೆ ಥಳಥಳಿಸುವ ಎಂಜಿನ್ನನ್ನೂ ಪಕ್ಕದಲ್ಲಿ ಬಿಳಿಯ ಕೈಗವಸು ತೊಟ್ಟು ನಿಂತ ಸ್ವಂತಯ್ಯನನ್ನೂ ಕಂಡು ದನಿ ತಗ್ಗಿಸಿದರು.

"ರೀ, ಇವ್ರೆಲ್ಲ ಯಾಕೆ ಬಂದಿದಾರೆ?" ಎಂದು ಹೆಂಡತಿ ಕಿವಿಯಲ್ಲಿ ಕೇಳಿದಳು.

"ಎಂಜಿನ್ ನೋಡೋಕೆ. ಜನಕ್ಕೆ ಈಗೀಗ ಯಂತ್ರಗಳ ಬಗ್ಗೆ ಆಸಕ್ತಿ."

ಅವನ ಉಪಾಯ ಸರಳವಾಗಿತ್ತು. ಉಗುರು ಎಂಬ ಮಾತನ್ನು ಹೆಂಡತಿಯ ಮುಂದೆ ಎತ್ತಬಾರದು. ಯಾರಾದರೂ ಒಬ್ಬರು ತಾವಾಗಿ ಆ ಶಾಫ್ಟಿನ ಮೇಲೆ ಗೀರಬೇಕು, ತಡೆಯಿತೋ ಜಾರಿತೋ ತಾವಾಗಿ ಹೇಳಬೇಕು. "ಬನ್ನಿ ಸಾರ್, ಇಲ್ಲಿ ಮುಟ್ಟಿ" ಎಂದು ಸೂಪರಿಂಟೆಂಡೆಂಟರನ್ನು ಮುಂದೆ ಕರೆದ. "ಏನನ್ಸುತ್ತೆ?"

ಅವರು ಆ ಅಮೂಲ್ಯ ಕಿರುಬೆರಳನ್ನು ಸವೆಯದಂತೆ ಮೇಲೆತ್ತಿ ಹಿಡಿದು, ಉಳಿದ ಬೆರಳುಗಳ ಮೆತ್ತಗಿನ ಭಾಗದಿಂದ ಶಾಫ್ಟನ್ನು ಸವರಿದರು. "ತಣ್ಣಗಿದೆ."

"ಬೇರೆ ಏನೂ ತಡೀಲಿಲ್ವಾ?"

"ಇಲ್ಲ. ಹಾಗಾದ್ರೆ ನನ್ನ ವರ್ಗಾವಣೆಗೂ ತಡೆ ಬರಲ್ಲ ಅಂತ ತಾನೇ?"

ಟೈಲರ್ ಬಟ್ಟೆಯ ಮಡಿಕೆಯನ್ನು ಉಗುರಿನಿಂದಲೇ ಗೀರಿ ಕೂರಿಸುವವನು. ಅವನ ಹೆಬ್ಬೆರಳಿನ ಮೇಲೆ ಸ್ವಂತಯ್ಯನಿಗೆ ಅಪಾರ ಭರವಸೆಯಿತ್ತು. ಅವನೋ ಗೆಣ್ಣಿನಿಂದ ಟೊಕ್ ಟೊಕ್ ಎಂದು ಬಡಿದು ಕಿವಿಗೊಟ್ಟ. "ಗಟ್ಟಿ ಮಾಲು. ನನ್ನ ಗೋಡೆಯಲ್ಲಿ ಬಂದಿರೋ ಮೊಳೆ ಯಾವಾಗ ಹೋಗುತ್ತೆ ಅಂತ ಇದ್ರಲ್ಲಿ ಗೊತ್ತಾಗುತ್ತಾ?"

"ಇದ್ನ ಮುಟ್ಟಿದ್ರೆ ಮಂಡಿನೋವು ಹೋಗುತ್ತೇನಪ್ಪಾ?" ಎಂದರು ಅಜ್ಜಿ. ಯಾರೂ ಬೇಡವೆನ್ನುವ ಮೊದಲೇ ಇಬ್ಬರ ಭುಜ ಹಿಡಿದು, ಸೀರೆ ಸಾವರಿಸಿಕೊಂಡು, ಬಲಮಂಡಿಯನ್ನು ಎಂಜಿನ್ನಿಗೆ ಆನಿಸಿ ಕಣ್ಣು ಮುಚ್ಚಿದರು. "ಹಾಯೆನಿಸ್ತಿದೆ. ನೂಕಬೇಡಿ, ಎಡದ್ದೂ ಇದೆ."

ಈ ಹಂತದಲ್ಲಿ ಮೇಸ್ತ್ರಿ ಬಂದ, ಹೊಸ ಸೀಲಿನ ಡಬ್ಬಿ ಹಿಡಿದು. ಗುಂಪನ್ನೂ ಅಜ್ಜಿಯ ಮಂಡಿಯನ್ನೂ ನೋಡಿ, ಇಂಥ ಮನೆಗಳಲ್ಲಿ ಪ್ರಶ್ನೆ ಕೇಳಬಾರದೆಂದು ತೀರ್ಮಾನಿಸಿದವನಂತೆ, ಕೆಲಸದ ಮಾತನ್ನಷ್ಟೇ ಆಡಿದ. "ಚೆನ್ನಾಗಿ ತೊಳ್ದಿದೀರ ಸಾರ್. ಗೀರಿ ನೋಡಿದ್ರಾ? ತಡೀತಾ?"

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಸ್ವಂತಯ್ಯ ಎರಡೂ ಮುಷ್ಟಿ ಮಡಚಿಕೊಂಡ.

"ಎಲ್ಲಿ ತಡೀಬೇಕು? ಕನ್ನಡಿ."

"ಹಾಗಾದ್ರೆ ಕೂರಿಸಿಬಿಡ್ತೀನಿ" ಎಂದು ಮೇಸ್ತ್ರಿ ಡಬ್ಬಿ ಬಿಚ್ಚಿದ. ಸ್ವಂತಯ್ಯನ ಎದೆ ಎಂಜಿನ್ನಿಲ್ಲದೆಯೂ ಓಡತೊಡಗಿತು. ಜಾಡಿದ್ದರೆ ನಾಳೆ ಸೇತುವೆಯ ಮೇಲೆ ಸೋರುತ್ತದೆ. ಕಾರು ಷಡ್ಡಕನ ಶೆಡ್ಡಿಗೆ ಹೋಗುತ್ತದೆ. ಹೆಂಡತಿ ಏನೂ ಅನ್ನುವುದಿಲ್ಲ; ಅವಳು ಏನೂ ಅನ್ನದೆ ಖಾಲಿ ಅಂಗಳ ನೋಡುವುದನ್ನು ನೋಡಬೇಕಾಗುತ್ತದೆ. ಬಾಯಿ ಬಿಡಲೋ ಬೇಡವೋ ಎಂದು ಅವನು ಅಭ್ಯಾಸಬಲದಿಂದ ಹೆಬ್ಬೆರಳನ್ನು ಕೈಗವಸಿನ ಸಮೇತ ಬಾಯಿಗಿಟ್ಟು ಕಡಿದ. ಥಿನ್ನರ್ ರುಚಿ ಬಂತು.

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. ಒಂದು ದಿನ ಮುಂಚಿತವಾಗಿಯೇ ಮಾವ ಬಂದಿಳಿದಿದ್ದರು, ಹೊಸ ಬಿಳಿಯ ಕೈಗವಸು ತೊಟ್ಟು, ಕೈ ಎರಡೂ ಬೆನ್ನ ಹಿಂದೆ. ಅವರ ಹಿಂದೆ ಷಡ್ಡಕ. ಅವನು ಒಳಗೆ ಬಂದವನೇ ಬಾಗಿಲಿನ ಅಗಲವನ್ನು ಕಣ್ಣಲ್ಲೇ ಅಳೆದು, "ಎಂಜಿನ್ ಹೀಗೇ ಟೆಂಪೋಲಿ ಹಾಕಿದ್ರೆ ಸಲೀಸು ಮಾವ" ಎಂದ.

"ತಡೀರಿ ಭಾವ, ಕೂತ್ಕೊಳ್ಳಿ ಮೊದ್ಲು" ಎಂದಳು ಹೆಂಡತಿ. ಅವಳ ದನಿಯಲ್ಲಿ ಏನೋ ಬಿಗಿಯಿತ್ತು. "ಅಪ್ಪಾ, ಸೀಲು ಕೂರಿಸ್ತಾ ಇದಾರೆ. ಇವ್ರು ಕನ್ನಡಿ ಥರ ಇದೆ ಅಂತಾರೆ. ನೀವೂ ಒಂದ್ಸಲ ಮುಟ್ಟಿ ಹೇಳಿ."

ಮಾವ ಮುಂದೆ ಬಾಗಿ, ಕೈಗವಸಿನ ಬೆರಳನ್ನು ಶಾಫ್ಟಿನ ಮೇಲೆ ಗಂಭೀರವಾಗಿ ಓಡಿಸಿದರು. "ಕನ್ನಡಿಯೇ. ಹಿಂದೆ ಎರಡು ಸಲವೂ ಹೀಗೇ ಇತ್ತು. ನಾನೇ ನೋಡಿ ಸೈ ಅಂದಿದ್ದೆ. ಮೇಸ್ತ್ರಿಗಳು ಮುಟ್ತೀವಿ ಅಂದ್ರೂ ಬಿಡ್ಲಿಲ್ಲ."

"ಕೈಗವಸಲ್ಲೇ ನೋಡಿದ್ರಾ ಅಜ್ಜಾರೇ?" ಎಂದ ಮೇಸ್ತ್ರಿ ಮೆಲ್ಲಗೆ. "ಅದ್ನ ಉಗುರಲ್ಲಿ ನೋಡ್ಬೇಕಿತ್ತಲ್ಲ."

ಹೆಂಡತಿ ಅಪ್ಪನ ಕೈಗವಸನ್ನು ನೋಡಿದಳು, ಗಂಡನ ಕೈಗವಸನ್ನು ನೋಡಿದಳು, ಅದರ ಹೆಬ್ಬೆರಳ ತುದಿ ಒದ್ದೆಯಾಗಿದ್ದನ್ನು ನೋಡಿದಳು.

"ಅಪ್ಪಾ, ಗ್ಲೌಸು ತೆಗೀರಿ" ಎಂದಳು. "ರೀ, ನೀವೂ."

ಮಾವ ಕಿಟಕಿಯ ಕಡೆ ತಿರುಗಿದರು. "ಚಳಿ ಇದೆಯಮ್ಮ."

"ತೆಗೀರಿ."

ಮಾವ ಒಂದೊಂದೇ ಬೆರಳು ಎಳೆದು ಕಳಚಿದರು. ಸ್ವಂತಯ್ಯನೂ ಕಳಚಿದ. ಇಪ್ಪತ್ತು ಬೆರಳುಗಳು ಬಲ್ಬಿನ ಬೆಳಕಿಗೆ ಬಂದವು. ಒಂದರ ಮೇಲೂ ಉಗುರೆನ್ನಬಹುದಾದ ಪದಾರ್ಥವಿರಲಿಲ್ಲ. ಮಾವ ಅಳಿಯ ಪರಸ್ಪರ ಬೆರಳುಗಳನ್ನು ನೋಡಿಕೊಂಡರು. ಇಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಅಂಥ ಆತ್ಮೀಯತೆ ಹುಟ್ಟಿದ್ದು ಅದೇ ಮೊದಲು.

"ನಿಮಗೂನಾ, ಮಾವ?"

"ಡ್ರಾಯಿಂಗ್ ಪರೀಕ್ಷೆ ಕಟ್ಟಿದಾಗಿಂದ" ಎಂದರು ಮಾವ, ತೀರ ಸಣ್ಣ ದನಿಯಲ್ಲಿ. "ನಿಮ್ಮತ್ತೆಗೆ ಗೊತ್ತಾಗ್ಬಾರ್ದು ಅಂತ ಗ್ಲೌಸು ಶುರು ಮಾಡಿದ್ದು."

"ಅಮ್ಮಂಗೆ ಗೊತ್ತಿತ್ತು" ಎಂದಳು ಮಗಳು. ಗಂಡನ ಕಡೆ ತಿರುಗಿದಳು. "ನಂಗೂ ಗೊತ್ತಿತ್ತು. ಉಗುರು ಕಡಿಯೋದು ಬಿಟ್ಟವರ ಮನೇಲಿ ಕಹಿ ಔಷಧಿ ಸೀಸೆ ಖಾಲಿ ಆಗ್ತಾ ಹೋಗುತ್ತಾ? ಬಾಯಿ ಬಿಟ್ಟು ಹೇಳ್ತೀರೇನೋ ಅಂತ ಕಾಯ್ತಿದ್ದೆ. ಗಾಡಿ ಕೈಬಿಟ್ಟು ಹೋದ್ರೂ ಹೇಳ್ತಿರ್ಲಿಲ್ಲ, ಅಲ್ವಾ?"

ಮೂಲೆಯಲ್ಲಿ ಷಡ್ಡಕ ಸದ್ದಿಲ್ಲದೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗಿಳಿಸಿದ.

"ನಾನು ನೋಡ್ತೀನಿ ಬಿಡಿ ಅಕ್ಕ" ಎಂದು ಮೇಸ್ತ್ರಿ ಮುಂದೆ ಬಂದ.

"ಬೇಡಪ್ಪಾ. ಸ್ವಂತ ನಾನೇ ನೋಡ್ತೀನಿ."

ಆ ಮಾತು ಬೇರೆ ಬಾಯಿಂದ ಬಂದದ್ದನ್ನು ಬೀದಿ ಮೊದಲ ಬಾರಿಗೆ ಕೇಳಿತು. ಅವಳು ಸೆರಗು ಸಿಕ್ಕಿಸಿ, ಅಜ್ಜಿಯ ಮಂಡಿಯನ್ನು ಮೃದುವಾಗಿ ಸರಿಸಿ, ಎಂಜಿನ್ನಿನ ಎದುರು ಕೂತು, ತೋರುಬೆರಳ ಉಗುರನ್ನು ಹೊಳೆಯುವ ಶಾಫ್ಟಿನ ಮೇಲೆ ಅಡ್ಡಲಾಗಿ ಎಳೆದಳು. ಉಗುರು ಜಾರಿತು, ಜಾರಿತು, ಟಿಕ್ ಎಂದು ನಿಂತಿತು.

ಮತ್ತೊಂದು ಕಡೆ ಎಳೆದಳು. ಅಲ್ಲಿಯೂ ಟಿಕ್.

"ಇದೆ" ಎಂದಳು. "ಸುತ್ತಲೂ ಇದೆ."

"ಹಾಗಾದ್ರೆ ಸೀಲುಗಳದ್ದೇನೂ ತಪ್ಪಿಲ್ಲ" ಎಂದು ಗೊಣಗಿದ ಮಾವ ಅಲ್ಲೇ ಇದ್ದ ಸೋಫಾದ ಮೇಲೆ ಕುಸಿದರು. ತಮ್ಮ ಎರಡು ತೀರ್ಪುಗಳೂ ಒಟ್ಟಿಗೆ ರದ್ದಾದ ನ್ಯಾಯಾಧೀಶರಂತೆ ಅವರು ಕಂಡರು.

ಮೇಸ್ತ್ರಿ ಉಕ್ಕಿನ ಬಳೆ ತಂದು, ಶಾಫ್ಟಿಗೆ ತೊಡಿಸಿ, ಹೊಸ ಸೀಲಿನ ತುಟಿಗೆ ಒಂದಿಷ್ಟು ಶುದ್ಧ ಎಣ್ಣೆ ಸವರಿ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದ. ಸಂಜೆಗೆ ಎಂಜಿನ್ನು ನೆಂಟಸ್ತನ ಮುಗಿಸಿ ಕಾರಿಗೆ ಮರಳಿತು. ಅಜ್ಜಿಯೊಬ್ಬರೇ ಅದನ್ನು ಬೀಳ್ಕೊಡಲು ಬಾಗಿಲ ತನಕ ಬಂದರು. ಬಲಮಂಡಿ ನಿಜವಾಗಿಯೂ ಸರಿಹೋಗಿತ್ತಂತೆ. ಸೂಪರಿಂಟೆಂಡೆಂಟರ ವರ್ಗಾವಣೆ ಮುಂದೆ ಆಗಿಯೇ ಆಯಿತು, ಅವರಿಗೆ ಬೇಡದ ಊರಿಗೆ. ಸ್ವಂತಯ್ಯನ ಜ್ಯೋತಿಷ್ಯದ ಕೀರ್ತಿ ಅದರಿಂದ ಹೆಚ್ಚಿತೇ ಹೊರತು ತಗ್ಗಲಿಲ್ಲ.

ಭಾನುವಾರ ಬೆಳಿಗ್ಗೆ ಕಾರಿನಡಿ ಹಾಸಿದ್ದ ಬಿಳಿಯ ಹಾಳೆಯನ್ನು ಎಳೆದು ನೋಡಿದರು. ಒಂದು ಬೊಟ್ಟೂ ಇರಲಿಲ್ಲ. ಮಾವ ಜೇಬಿನಿಂದ ಕಾರಿನ ಇನ್ನೊಂದು ಕೀ ತೆಗೆದರು. ದೊಡ್ಡಳಿಯ ಕೈಚಾಚುವುದೋ ಬೇಡವೋ ಎಂದು ಜೇಬಿನೊಳಗೇ ಯೋಚಿಸಿದ. ಸ್ವಂತಯ್ಯ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟು, ತನ್ನ ಬೆರಳುಗಳನ್ನು ತಾನೇ ನೋಡಿಕೊಂಡು, ಒಂದು ಹೆಜ್ಜೆ ಹಿಂದಿಟ್ಟ.

"ಅವ್ಳಿಗೆ ಕೊಡಿ ಮಾವ. ಅವ್ಳು ಹಿಡಿದ್ರೆ ಸೋರೋದು ನಿಲ್ಲುತ್ತೆ."

ಅವಳು ಕೀ ತೆಗೆದುಕೊಂಡು, ಸೀಟು ಮುಂದೆ ಸರಿಸಿ, ಕನ್ನಡಿ ಸರಿಮಾಡಿ, ಎಷ್ಟೋ ವರ್ಷಗಳಿಂದ ದಿನವೂ ಓಡಿಸುತ್ತಿದ್ದವಳಂತೆ ಗಾಡಿ ಹೊರಡಿಸಿದಳು. ಪಕ್ಕದ ಸೀಟಿನಲ್ಲಿ ಅವಳ ಭಾವ. ಹಿಂದಿನ ಸೀಟಿನಲ್ಲಿ ಮಾವನೂ ಅಳಿಯನೂ, ಬರಿಗೈಯಲ್ಲಿ. ನಾಲ್ಕು ಕೈಗವಸುಗಳು ಅವಳ ಪಕ್ಕದ ಡ್ರಾಯರಿನಲ್ಲಿ ಬಂಧನದಲ್ಲಿದ್ದವು. ಬೀದಿ ದಾಟಿತು, ಪೇಟೆ ದಾಟಿತು. ಸೇತುವೆಯ ಏರು ಬಂದಾಗ ಎದುರಿಗೊಂದು ಲಾರಿ ಕಾಣಿಸಿತು. ಅವಳು ನಿರಾಳವಾಗಿ ಗೇರು ಇಳಿಸಿದಳು. ಹಿಂದಿನ ಸೀಟಿನಲ್ಲಿ ಮಾತು ನಿಂತಿತು.

ಅವಳು ಕಣ್ಣೆತ್ತಿ ಕನ್ನಡಿ ನೋಡಿದಳು.

"ಇಬ್ರೂ ಕೈ ಕೆಳಗಿಳಿಸಿ" ಎಂದಳು. ಆಮೇಲೆ ಕತ್ತು ತಿರುಗಿಸದೆಯೇ ಸೇರಿಸಿದಳು: "ಭಾವ, ನೀವೂ."